‘ಯಾರು ನೀ, ಏನು ಬೇಕು?’: ಗಡಿಸೀಮೆಯ ದೆವ್ವದ ಕಥೆಗಳನ್ನು ಓದುವ ಬಗೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಆಡಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದೆ. ಕೊನೆಯ ಪ್ರಶ್ನೋತ್ತರದಿಂದ ಎರಡು ಪ್ರಶ್ನೆಗಳನ್ನು ಸೇರಿಸಿದೆ.)

ಧ್ವನಿ ಸರಿಯಾಗಿ ಕೇಳಸ್ತೈತಿ ಅಂದುಕೊಂಡು ಶುರು ಮಾಡ್ತೀನಿ. ನಡುವೆ ನೆಟ್‌ವರ್ಕ್ ಹೋದರೆ ಚಾಟ್‌ನಲ್ಲಿ ತಿಳಿಸ್ರಿ.

ನನಗೆ ಕೊಟ್ಟಿರುವ ವಿಷಯ ‘ಅತಿಮಾನುಷ ಕಥನ ಮತ್ತು ಓದು’. ವಿಷಯ ದೊಡ್ಡದು. ಅದನ್ನು ನಾನು ಒಂದು ಸಣ್ಣ ಪ್ರಶ್ನೆಗೆ ಇಳಿಸಿಕೊಂಡಿದ್ದೇನೆ: ದೆವ್ವದ ಕಥೆಯನ್ನು ಓದುವಾಗ ನಾವು ದೆವ್ವಕ್ಕೆ ಏನು ಕೇಳಬೇಕು?

ತರಗತಿಯಲ್ಲಿ ನಾವು ಸಾಮಾನ್ಯವಾಗಿ ಕೇಳುವುದು, ಇದು ನಿಜವಾಗಿ ಇದೆಯೋ ಇಲ್ಲವೋ ಎಂದು. ಉತ್ತರ ಎಲ್ಲರಿಗೂ ಮೊದಲೇ ಗೊತ್ತಿರುವುದರಿಂದ ಚರ್ಚೆ ಅಲ್ಲಿಗೇ ನಿಂತುಬಿಡುತ್ತದೆ. ಇಲ್ಲವಾದರೆ, ಇದು ಯಾವುದರ ಸಂಕೇತ ಎಂದು ಕೇಳುತ್ತೇವೆ. ಅದಕ್ಕೆ ಉತ್ತರ ದಮನಿತ ಕಾಮ, ಊಳಿಗಮಾನ್ಯ ವ್ಯವಸ್ಥೆ, ವಸಾಹತುಶಾಹಿ, ಒಟ್ಟಿನಲ್ಲಿ ಆ ಸೆಮಿಸ್ಟರಿನಲ್ಲಿ ಯಾವ ಸಿದ್ಧಾಂತ ಓದಿರ್ತೇವೋ ಅದು. ಈ ಎರಡೂ ರೀತಿಯಲ್ಲಿ ಓದಿದಾಗ ಕಥೆಯೊಳಗಿನ ದೆವ್ವಕ್ಕೆ ಬಾಯಿಯೇ ಇರುವುದಿಲ್ಲ. ಆದರೆ ನಮ್ಮ ಸೀಮೆಯಲ್ಲಿ ಇನ್ನೊಂದು ಪ್ರಶ್ನೆ ಬಳಕೆಯಲ್ಲೈತಿ. ಮೈಮ್ಯಾಲೆ ಬಂದವರ ಎದುರು ಕೂತು ಕೇಳುವ ಪ್ರಶ್ನೆ ಅದು: ‘ಯಾರು ನೀ? ಎಲ್ಲಿಂದ ಬಂದಿ? ಏನ ಬೇಕು?’ ಹೆಚ್ಚೂಕಡಿಮೆ ಇದನ್ನೇ ಮರಾಠಿಯಲ್ಲಿ ‘ಕೋಣ ತೂ? ಕಾಯ ಪಾಹಿಜೇ ತುಲಾ?’ ಅಂತಾರ. ಈ ಪ್ರಶ್ನೆಯನ್ನು ಮಾಂತ್ರಿಕನ ಕೈಯಿಂದ ಕಸಿದುಕೊಂಡು ವಿಮರ್ಶಕರ ಕೈಗೆ ಕೊಡಬಹುದೇ ಎಂಬುದನ್ನು ಇವತ್ತು ನೋಡೋಣ.

ನನ್ನ ಊರು ಉತ್ತೂರ. ಕೊಲ್ಹಾಪುರ ಜಿಲ್ಲೆ, ಆಜರಾ ತಾಲ್ಲೂಕು. ಪೇಟೆ ಅಂದ್ರ ಗಡಹಿಂಗ್ಲಜ. ಮನೆಯ ಭಾಷೆ ಕನ್ನಡ, ಶಾಲೆಯ ಭಾಷೆ ಮರಾಠಿ. ಇದನ್ನು ಹೇಳಲು ಕಾರಣ ಒಂದೇ. ಎರಡು ಭಾಷೆಯಲ್ಲಿ ಬೆಳೆದವರಿಗೆ ದೆವ್ವದ ಶಬ್ದಕೋಶಗಳೂ ಎರಡು ಸಿಗುತ್ತವೆ, ಮತ್ತು ಅವೆರಡೂ ಹೊಂದುವುದಿಲ್ಲ. ಮರಾಠಿಯಲ್ಲಿ ದೆವ್ವಕ್ಕೆ ನಿರ್ದಿಷ್ಟ ಹೆಸರುಗಳಿವೆ. ಮುಂಜಿಯಾಗಿ, ಮದುವೆಯಾಗದೆ ಸತ್ತ ಹುಡುಗ ‘ಮುಂಜಾ’, ಅರಳಿಮರದಲ್ಲಿ ಇರುವವನು. ಬಾಣಂತಿತನದಲ್ಲಿ ತೀರಿಕೊಂಡವಳು ‘ಅಳವಂತೀಣ’. ಗಂಡ ಬದುಕಿರುವಾಗಲೇ ಸತ್ತ ಮುತ್ತೈದೆ ‘ಜಖೀಣ’. ಆಸ್ತಿಯ ಮೇಲೋ ಸಂಸ್ಕಾರದ ಮೇಲೋ ಜೀವ ಇಟ್ಟುಕೊಂಡು ಸತ್ತ ಬ್ರಾಹ್ಮಣ ‘ಸಮಂಧ’. ರಾತ್ರಿ ದಾರಿ ತಪ್ಪಿಸುವ ‘ಚಕವಾ’ ಒಂದೈತಿ. ಅದಕ್ಕೆ ಯಾರ ಮೇಲೂ ಯಾವ ಹಕ್ಕೂ ಇಲ್ಲ, ಬರೇ ತಿರುಗಸ್ತೈತಿ. ಅದನ್ನ ಬದಿಗಿಡ್ತೀನಿ. ಉಳಿದ ಹೆಸರುಗಳನ್ನು ಗಮನಿಸಿರಿ. ಯಾವುದೂ ರೂಪವನ್ನು ವರ್ಣಿಸುವುದಿಲ್ಲ. ಹಲ್ಲು, ಉಗುರು, ತಿರುವಿದ ಪಾದ ಇವೆಲ್ಲ ಆಮೇಲೆ ಕೂಡಿಸಿದ್ದು. ಹೆಸರು ಹೇಳುವುದು ಆ ಜೀವಕ್ಕೆ ಏನು ಸಿಗಲಿಲ್ಲ ಎಂಬುದನ್ನು. ಅದು ಬಾಕಿಗಳ ಪಟ್ಟಿ.

ಕನ್ನಡದಲ್ಲಿ ನಾವು ‘ಗಾಳಿ ಬಡದೈತಿ’, ‘ಸೋಂಕಾಗೇತಿ’ ಅಂತೀವಿ. ಗಾಳಿಗೆ ಹೆಸರಿಲ್ಲ, ಕುಲವಿಲ್ಲ. ಹಾಗಾಗಿ ಕನ್ನಡದ ಕಥೆಯಲ್ಲಿ ಮೊದಲು ‘ಯಾರು’ ಎಂದು ಕೇಳಬೇಕಾಗುತ್ತದೆ. ಮರಾಠಿ ಕಥೆ ‘ಏನು ಬೇಕು’ ಎಂಬಲ್ಲಿಂದ ಹೊರಟರೆ ಕನ್ನಡ ಕಥೆ ‘ಯಾರು ಬಂದದ್ದು’ ಎಂಬಲ್ಲಿಂದ ಹೊರಡುತ್ತದೆ. ಇದನ್ನು ನಿಯಮ ಅಂತ ಸಾಧಿಸಲಾರೆ. ಮುಂದೆ ತೆಗೆದುಕೊಳ್ಳುವ ಕೃತಿಗಳಲ್ಲಿ ಈ ಒಲವು ಕಾಣುತ್ತದೆ, ಅಷ್ಟೆ.

ಸಿದ್ಧಾಂತದ ಮಾತನ್ನು ಬೇಗ ಮುಗಿಸ್ತೀನಿ. ತ್ಸ್ವೆತಾನ್ ತೊದೊರೊವ್ 1970ರಲ್ಲಿ ಪ್ರಕಟಿಸಿದ ಗ್ರಂಥವನ್ನು ನಾವೆಲ್ಲ ಪಠ್ಯದಲ್ಲಿ ಓದಿದ್ದೇವೆ. ಅವನ ಪ್ರಕಾರ ಅದ್ಭುತ ಕಥನದ ಜೀವಾಳ ಓದುಗನ ಅನುಮಾನ. ಕಂಡದ್ದು ಭ್ರಮೆಯೋ ನಿಜವೋ ಎಂದು ತೀರ್ಮಾನವಾಗದ ಆ ಹೊತ್ತಿನಲ್ಲಿಯೇ ಈ ಪ್ರಕಾರ ಉಸಿರಾಡುತ್ತದೆ; ತೀರ್ಮಾನವಾದರೆ ಅದು ಬೇರೆ ಪ್ರಕಾರವಾಗಿಬಿಡುತ್ತದೆ. ಹೆನ್ರಿ ಜೇಮ್ಸ್ 1898ರಲ್ಲಿ ಬರೆದ ‘ದ ಟರ್ನ್ ಆಫ್ ದ ಸ್ಕ್ರೂ’ಗೆ ಇದು ಚೆನ್ನಾಗಿ ಒಪ್ಪುತ್ತದೆ. ಆದರೆ ಈ ಅನುಮಾನಕ್ಕೆ ಒಂದು ಪೂರ್ವಶರತ್ತು ಇದೆ: ಕಥೆಯ ಲೋಕದಲ್ಲಿ ದೆವ್ವ ಇರಬಾರದು ಎಂಬ ಒಪ್ಪಂದ ಮೊದಲೇ ಆಗಿರಬೇಕು. ನಮ್ಮ ಕಥೆಗಳಲ್ಲಿ ಆ ಒಪ್ಪಂದವೇ ಆಗಿಲ್ಲ. ಅವುಗಳೊಳಗಿನ ಜನರಿಗೆ ದೆವ್ವ ಇದೆಯೇ ಎಂಬ ಅನುಮಾನ ಬರುವುದಿಲ್ಲ. ಬರುವ ಅನುಮಾನ, ಇದು ಯಾರ ದೆವ್ವ, ಮತ್ತು ಅದು ಕೇಳ್ತಿರೋದು ನ್ಯಾಯವೇ ಎಂದು. ತೊದೊರೊವನ ಅಳತೆಗೋಲು ಹಿಡಿದರೆ ಇವೆಲ್ಲ ಬರೇ ‘ಪವಾಡ ಕಥೆ’ಗಳಾಗಿ ಬದಿಗೆ ಹೋಗ್ತಾವ.

ನನ್ನ ಮೊದಲ ಉದಾಹರಣೆಯನ್ನು ಕಥಾಸಾಹಿತ್ಯ ಎಂದು ಯಾರೂ ಓದುವುದಿಲ್ಲ, ಪಾರಾಯಣ ಮಾಡುತ್ತಾರೆ. ಗುರುಚರಿತ್ರೆ. ಮರಾಠಿಯ ದತ್ತ ಸಂಪ್ರದಾಯದ ಈ ಗ್ರಂಥವನ್ನು ಬರೆದ ಸರಸ್ವತೀ ಗಂಗಾಧರನ ಮನೆಮಾತು ಕನ್ನಡ. ಮರಾಠಿ ತನಗೆ ಬಾರದು ಎಂಬ ಅರ್ಥದ ಮಾತನ್ನು ಅವನೇ ಆರಂಭದಲ್ಲಿ ಹೇಳಿಕೊಳ್ಳುತ್ತಾನೆ. ಗ್ರಂಥದೊಳಗೆ ಕನ್ನಡ ಪದಗಳೂ ಸೇರಿವೆ. ನಮ್ಮಂಥವನೇ ಅನ್ನಿಸ್ತಾನ. ಅದರ 20 ಮತ್ತು 21ನೇ ಅಧ್ಯಾಯಗಳ ಕಥೆ ನಡೆಯುವುದು ಶಿರೋಳದಲ್ಲಿ ಮತ್ತು ನರಸೋಬಾವಾಡಿಯ ಔದುಂಬರದ ಕೆಳಗೆ. ಕೃಷ್ಣೆ ಪಂಚಗಂಗೆಯರು ಕೂಡುವ ಜಾಗ ಅದು, ಇಚಲಕರಂಜಿಯಿಂದ ದೂರವಿಲ್ಲ.

ಕಥೆ ಹೀಗಿದೆ. ಶಿರೋಳದ ಒಬ್ಬ ಬಡ ಬ್ರಾಹ್ಮಣನ ಹೆಂಡತಿಗೆ ಹುಟ್ಟಿದ ಐದು ಮಕ್ಕಳು ಸಾಯುತ್ತವೆ. ತಿಳಿದವನೊಬ್ಬ ಕಾರಣ ಹೇಳುತ್ತಾನೆ: ಹಿಂದಿನ ಜನ್ಮದಲ್ಲಿ ನೀನು ಒಬ್ಬನ ಹತ್ತಿರ ನೂರು ನಾಣ್ಯ ಸಾಲ ತೆಗೆದುಕೊಂಡು ತೀರಿಸಲಿಲ್ಲ, ಅವನು ಜೀವ ಕಳೆದುಕೊಂಡು ಪಿಶಾಚಿಯಾದ, ನಿನ್ನ ಮಕ್ಕಳನ್ನು ಒಯ್ಯುತ್ತಿರುವವನು ಅವನೇ. ಅವಳ ಹತ್ತಿರ ನೂರು ನಾಣ್ಯ ಇಲ್ಲ. ಔದುಂಬರದ ಸೇವೆ ಮಾಡುತ್ತಾಳೆ. ಕನಸಿನಲ್ಲಿ ಪಿಶಾಚಿ ಅವಳನ್ನು ಬೆನ್ನಟ್ಟಿ ಬರುತ್ತದೆ, ಅವಳು ಮರದ ಕಡೆ ಓಡುತ್ತಾಳೆ, ಅಲ್ಲಿ ಗುರು ಎದುರಾಗಿ ಪಿಶಾಚಿಯನ್ನು ಕೇಳುತ್ತಾನೆ: ಯಾಕೆ ಕಾಡುತ್ತೀ?

ನಮ್ಮ ಸಿನಿಮಾಗಳಲ್ಲಾದರೆ ಇಲ್ಲಿ ಬೆಳಕು ಹೊಡೆದು ಪಿಶಾಚಿ ಸುಟ್ಟುಹೋಗಬೇಕು. ಇಲ್ಲಿ ಹಾಗಾಗುವುದಿಲ್ಲ. ಪಿಶಾಚಿ ತನ್ನ ಹಣದ ಮಾತು ಎತ್ತುತ್ತದೆ, ಗುರುವಿನ ಎದುರು ನಿಂತು ನ್ಯಾಯ ಕೇಳುತ್ತದೆ. ಗುರು ಅದರ ಮಾತು ಸುಳ್ಳು ಅನ್ನುವುದಿಲ್ಲ. ಅವಳ ಕೈಲಾದಷ್ಟನ್ನು ನಿನ್ನ ಸದ್ಗತಿಗೆ ಮಾಡುತ್ತಾಳೆ, ಒಪ್ಪಿಕೋ ಎಂದು ರಾಜಿ ಮಾಡಿಸುತ್ತಾನೆ. ಸಾಲದ ಪಂಚಾಯಿತಿಯ ಭಾಷೆಯೇ ಇದು. ಭಯದ ಕಥೆ ಇಲ್ಲಿ ಲೆಕ್ಕದ ಕಥೆಯಾಗುತ್ತದೆ. ಆದರೆ ಆ ಲೆಕ್ಕದಲ್ಲಿ ಒಂದು ತೊಡಕೈತಿ, ಹೆಚ್ಚಿನ ಪ್ರವಚನಗಳು ಅದನ್ನು ದಾಟಿಕೊಂಡು ಹೋಗ್ತಾವ. ಆ ಹೆಂಗಸಿಗೆ ಸಾಲದ ನೆನಪಿಲ್ಲ. ಅವಳು ಋಣಿ ಎಂಬುದು ಬೇರೊಬ್ಬರು ಹೇಳಿದ ಮಾತು. ಖಾತೆ ಪುಸ್ತಕ ಅವಳ ಕೈಯಲ್ಲಿಲ್ಲ, ಬಡ್ಡಿಯನ್ನು ಮಾತ್ರ ಐದು ಮಕ್ಕಳ ಲೆಕ್ಕದಲ್ಲಿ ಕಟ್ಟಿದವಳು ಅವಳು. ದೆವ್ವಕ್ಕೆ ‘ಏನು ಬೇಕು’ ಎಂದು ಕೇಳಿದರು, ಅವಳಿಗೆ ಯಾರೂ ಕೇಳಲಿಲ್ಲ.

ಕಥೆ ಇಲ್ಲಿಗೆ ನಿಂತಿದ್ದರೆ ನಾನು ಇದನ್ನು ಆರಿಸುತ್ತಿರಲಿಲ್ಲ. ಮುಂದೆ ಅವಳಿಗೆ ಎರಡು ಗಂಡುಮಕ್ಕಳಾಗುತ್ತವೆ, ಅದರಲ್ಲಿ ಒಂದು ಸಾಯುತ್ತದೆ. ಈಗ ಅವಳು ಹೆಣವನ್ನು ಸುಡಲು ಕೊಡುವುದಿಲ್ಲ. ಎತ್ತಿಕೊಂಡು ಔದುಂಬರಕ್ಕೆ ಬಂದು ಪಾದುಕೆಗೆ ತಲೆ ಚಚ್ಚಿಕೊಂಡು ಗುರುವನ್ನೇ ತರಾಟೆಗೆ ತೆಗೆದುಕೊಳ್ಳುತ್ತಾಳೆ: ನೀನೇ ಕೊಟ್ಟದ್ದು, ನಂಬಿದವಳಿಗೆ ಹೀಗೆ ಮಾಡಿದರೆ ನಿನ್ನನ್ನು ಇನ್ನು ಯಾರು ನಂಬುತ್ತಾರೆ? ಬುದ್ಧಿ ಹೇಳಲು ಬಂದ ಬ್ರಹ್ಮಚಾರಿ ದೇಹ ನಶ್ವರ ಎಂದು ಎಷ್ಟು ಹೇಳಿದರೂ ಅವಳ ಮಾತು ಬದಲಾಗುವುದಿಲ್ಲ. ಹಿಂದಿನ ಅಧ್ಯಾಯದಲ್ಲಿ ಪಿಶಾಚಿ ಆಡಿದ ಭಾಷೆಯನ್ನೇ ಈಗ ಅವಳು ಆಡುತ್ತಿದ್ದಾಳೆ. ಕೊಟ್ಟ ಮಾತು, ಬಾಕಿ, ನ್ಯಾಯ. ಋಣಿಯಾಗಿದ್ದವಳು ಸಾಲಗಾರರ ಜಾಗದಲ್ಲಿ ನಿಂತು ವಸೂಲಿಗೆ ಕೂತಿದ್ದಾಳೆ. ಎರಡು ಅಧ್ಯಾಯಗಳನ್ನು ಬೇರೆಬೇರೆ ದಿನ ಪಾರಾಯಣ ಮಾಡಿದರೆ ಇದು ಕಾಣುವುದು ಕಷ್ಟ, ಕಥೆಯಂತೆ ಒಟ್ಟಿಗೆ ಓದಿದರೆ ಎದ್ದು ಕಾಣುತ್ತದೆ.

ಆಮೇಲೆ ರಾತ್ರಿ ಮಗು ಬದುಕುತ್ತದೆ. ಮೈ ಬಿಸಿಯಾಗುತ್ತದೆ, ಎದ್ದು ಕೂತು ಹಸಿವು ಎಂದು ಅಳುತ್ತದೆ. ತಾಯಿಗೆ ಸಂತೋಷವಾಗುವ ಮೊದಲು ಭಯವಾಗುತ್ತದೆ. ಹೆಣದೊಳಗೆ ಭೂತ ಹೊಕ್ಕಿದೆ ಎಂದುಕೊಂಡು ಅವಳು ಮಗುವಿನಿಂದ ದೂರ ಸರಿಯುತ್ತಾಳೆ. ಪವಾಡದ ಗ್ರಂಥವೊಂದು ತನ್ನ ಪವಾಡದ ನಟ್ಟನಡುವೆ ಇಂಥ ಜಾಗ ಬಿಟ್ಟುಕೊಂಡಿರುವುದು ನನಗೆ ದೊಡ್ಡ ವಿಷಯ. ಬೇಡಿದ್ದೇ ಬಂದು ಎದುರಿಗೆ ಕೂತಾಗ ‘ಇದು ಯಾರು’ ಎಂಬ ಪ್ರಶ್ನೆ ತಾಯಿಯ ಬಾಯಿಗೂ ಬರುತ್ತದೆ. ಭಯಾನಕ ಕಥೆಗಳನ್ನು ಬಹಳ ಓದಿದ್ದೀನಿ. ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಭಯವನ್ನು ಕಡಿಮೆ ಮಂದಿ ಹಿಡಿದಿದ್ದಾರೆ.

ಈ ‘ಯಾರು ಬಂದದ್ದು’ ಎಂಬ ಎಳೆಯನ್ನೇ ಹಿಡಿದು ಈಗ ಕನ್ನಡದ ಕಡೆ ಬರ್ತೀನಿ. ಅಂಬೋಲಿಯ ಹತ್ತಿರ ಹುಟ್ಟುವ ಹಿರಣ್ಯಕೇಶಿ ಆಜರಾ, ಗಡಹಿಂಗ್ಲಜ, ಸಂಕೇಶ್ವರ ದಾಟಿ ಘಟಪ್ರಭೆಗೆ ಕೂಡ್ತೈತಿ. ಚಂದ್ರಶೇಖರ ಕಂಬಾರರ ಘೋಡಗೇರಿ ಆ ಘಟಪ್ರಭೆಯ ಸೀಮೆ. ಅವರ ಕಾವ್ಯದ ಭಾಷೆಯನ್ನು ನಾವು ಟಿಪ್ಪಣಿ ಇಲ್ಲದೆ ಓದಬಹುದು, ಬೆಂಗಳೂರಿನ ಗೆಳೆಯರಿಗೆ ಮಾತ್ರ ಅರ್ಥಕೋಶ ಬೇಕಾಗ್ತೈತಿ. 1964ರ ‘ಹೇಳತೇನ ಕೇಳ’ದಲ್ಲಿ ರಾಕ್ಷಸ ಊರಗೌಡನನ್ನು ಕೊಂದು ಅವನದೇ ರೂಪದಲ್ಲಿ ಊರೊಳಗೆ ಬರುತ್ತಾನೆ. ಗೌಡನ ಮುಖ, ಗೌಡನ ಮನೆ, ಗೌಡನ ಅಧಿಕಾರ. ಊರು ಬರಡಾಗುತ್ತದೆ. 1988ರ ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿ ಹುತ್ತದ ನಾಗ ಅಪ್ಪಣ್ಣನ ರೂಪದಲ್ಲಿ ರಾಣಿಯ ಹತ್ತಿರ ಬರುತ್ತದೆ. ಮನೆಯಲ್ಲಿ ಕೂಡಿಹಾಕಲ್ಪಟ್ಟ ಹುಡುಗಿಗೆ ಮೊದಲ ಬಾರಿ ಪ್ರೀತಿ ಸಿಗುತ್ತದೆ. ರಾಜಸ್ಥಾನದ ವಿಜಯದಾನ ದೇಥಾ ಅವರ ‘ದುವಿಧಾ’ದಲ್ಲಿಯೂ ಗಂಡನ ವೇಷದಲ್ಲಿ ಭೂತ ಬರುತ್ತದೆ, ಮಣಿ ಕೌಲ್ 1973ರಲ್ಲಿ ಅದನ್ನು ಚಿತ್ರ ಮಾಡಿದರು.

ಆಶಯ ಒಂದೇ, ಭಯ ಬೇರೆಬೇರೆ. ಕಂಬಾರರಲ್ಲಿ ಮುಖವಾಡದ ಹಿಂದಿರುವುದು ಊರನ್ನು ತಿನ್ನುವ ಅಧಿಕಾರ. ಆದ್ದರಿಂದ ‘ಯಾರು ನೀ’ ಎಂದು ಕೇಳಲು ಊರಿಗೆ ಧೈರ್ಯ ಬೇಕು, ಕೇಳದಿದ್ದರೆ ಮಳೆಯಿಲ್ಲ. ಕಾರ್ನಾಡರಲ್ಲಿ ಪ್ರಶ್ನೆ ಕೇಳಲು ಕಾರಣ ಇರುವವಳು ರಾಣಿ ಒಬ್ಬಳೇ, ಮತ್ತು ಅವಳಿಗೆ ಪ್ರಶ್ನೆ ಕೇಳಬೇಡ ಎಂದು ಎರಡೂ ಕಡೆಯಿಂದ ಹೇಳಿಯಾಗಿದೆ. ಹಗಲಿನ ಗಂಡ ಗದರಿ ಹೇಳುತ್ತಾನೆ, ರಾತ್ರಿಯ ಗಂಡ ಮುದ್ದಿನಿಂದ ಹೇಳುತ್ತಾನೆ. ಈ ನಾಟಕದ ಮೇಲೆ ಬಂದ ಸ್ತ್ರೀವಾದಿ ಓದುಗಳು ಹೆಚ್ಚಾಗಿ ರಾಣಿಯ ಕಾಮನೆಯ ಸುತ್ತ ತಿರುಗುತ್ತವೆ. ಅದು ಸರಿಯೇ. ನನ್ನ ಕಣ್ಣು ಮಾತ್ರ ಪಂಚಾಯಿತಿಯ ದೃಶ್ಯದ ಮೇಲೆ ನಿಲ್ಲುತ್ತದೆ. ಬಸುರಾದ ರಾಣಿಯನ್ನು ಊರು ವಿಚಾರಿಸುತ್ತದೆ. ಕೇಳುವುದು ‘ನೀನು ತಪ್ಪು ಮಾಡಿದೆಯಾ’ ಎಂದು. ‘ನಿನ್ನ ಮನೆಗೆ ಬಂದವರು ಯಾರು’ ಎಂದು ನಿಜವಾದ ಕುತೂಹಲದಿಂದ ಯಾರೂ ಕೇಳುವುದಿಲ್ಲ. ಹಾವನ್ನು ಹಿಡಿದು ಅವಳು ಮಾಡುವ ಆಣೆ, ಗಂಡನನ್ನೂ ಈ ನಾಗನನ್ನೂ ಬಿಟ್ಟು ಬೇರೆ ಯಾರನ್ನೂ ಮುಟ್ಟಿಲ್ಲ ಎಂಬುದು, ಅಕ್ಷರಶಃ ಸತ್ಯ. ಊರು ಅದನ್ನು ಕೇಳಿಯೂ ಕೇಳಿಸಿಕೊಳ್ಳುವುದಿಲ್ಲ. ತಪ್ಪಿತಸ್ಥೆ ಅನ್ನುತ್ತಿದ್ದವರು ತಕ್ಷಣ ದೇವಿ ಅಂತಾರೆ. ಎರಡೂ ಪದಗಳು ಅವಳನ್ನು ಮುಂದೆ ಏನೂ ಕೇಳದಿರಲು ಅನುಕೂಲವಾದವು.

‘ನಾಗಮಂಡಲ’ದ ಮುನ್ನುಡಿ ದೃಶ್ಯಕ್ಕೆ ಮೂಲವಾದ ಜನಪದ ಕಥೆಯನ್ನು ಕಾರ್ನಾಡರಿಗೆ ಕೊಟ್ಟವರು ಎ. ಕೆ. ರಾಮಾನುಜನ್. ಅವರು 1950ರ ದಶಕದಲ್ಲಿ ಬೆಳಗಾವಿಯಲ್ಲಿ ಪಾಠ ಮಾಡುತ್ತ ಈ ಭಾಗದ ಕಥೆಗಳನ್ನು ಕೂಡಿಸಿದವರು. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತು. ಯಾರಿಗೂ ಹೇಳುವುದಿಲ್ಲ. ಒಳಗೆ ಉಸಿರುಕಟ್ಟಿ, ಅವಳು ಮಲಗಿದಾಗ ಎರಡೂ ಬಾಯಿಂದ ಹೊರಬೀಳುತ್ತವೆ. ಕಥೆ ಬಾಗಿಲ ಹೊರಗೆ ಜೋಡು ಆಗುತ್ತದೆ, ಹಾಡು ಗೂಟಕ್ಕೆ ತೂಗುಹಾಕಿದ ಅಂಗಿಯಾಗುತ್ತದೆ. ಗಂಡ ಬಂದು ಕೇಳುತ್ತಾನೆ: ಇವು ಯಾರವು? ಅವಳಿಗೆ ಗೊತ್ತಿಲ್ಲ. ಇಡೀ ಕಥೆಯಲ್ಲಿ ಸತ್ತವರು ಯಾರೂ ಇಲ್ಲ, ಆದರೂ ಇದು ದೆವ್ವದ ಕಥೆ ಅಂತಲೇ ನನ್ನ ವಾದ. ಹೇಳದೆ ಉಳಿದ ಕಥೆ ಇಲ್ಲಿ ದೆವ್ವದ ಎಲ್ಲ ಕೆಲಸವನ್ನೂ ಮಾಡುತ್ತದೆ. ಅದಕ್ಕೊಂದು ಬಾಕಿಯಿದೆ, ಅದು ರೂಪ ಬದಲಿಸಿ ಹೊಸ್ತಿಲಿಗೆ ಬರುತ್ತದೆ, ಸಂಸಾರ ಕೆಡಿಸುತ್ತದೆ. (ಒಂದು ಅಡ್ಡಮಾತು: ಅಂಬೋಲಿ ಘಾಟ ಇಳಿದು ವೆಂಗುರ್ಲೆಯ ಕಡೆ ಹೋದರೆ ಆರವಲಿಯಲ್ಲಿ ವೇತೋಬಾ ಅಂದರೆ ವೇತಾಳನ ಗುಡಿ ಇದೆ. ಅಲ್ಲಿ ಹರಕೆ ಒಪ್ಪಿಸುವುದು ದೊಡ್ಡ ದೊಡ್ಡ ಚರ್ಮದ ಚಪ್ಪಲಿ. ದೇವರು ರಾತ್ರಿ ತಿರುಗಾಡುವುದರಿಂದ ಅವು ಸವೆಯುತ್ತವೆ ಅಂತಾರ. ಬಾಗಿಲಲ್ಲಿರೋ ಚಪ್ಪಲಿ ಯಾರದು ಅನ್ನೋ ಪ್ರಶ್ನೆಗೆ ಅಲ್ಲಿ ಉತ್ತರ ಗೊತ್ತೈತಿ.)

ಇಷ್ಟು ಹೊತ್ತು ನಾನು ಇದನ್ನು ಬರೇ ಓದಿನ ಸಂತೋಷವೆಂಬಂತೆ ಮಾತಾಡಿದೆ. ಆದರೆ ಈ ಸೀಮೆಯಲ್ಲಿ ಕೂತು ದೆವ್ವದ ಬಗ್ಗೆ ಹಗುರವಾಗಿ ಮಾತಾಡುವಂತಿಲ್ಲ. 1989ರಲ್ಲಿ ಮಹಾರಾಷ್ಟ್ರ ಅಂಧಶ್ರದ್ಧಾ ನಿರ್ಮೂಲನ ಸಮಿತಿಯನ್ನು ಕಟ್ಟಿದ ನರೇಂದ್ರ ದಾಭೋಳಕರರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಕ್ಕಿ ಕೊಂದರು. 2015ರ ಫೆಬ್ರವರಿಯಲ್ಲಿ ಕೊಲ್ಹಾಪುರದಲ್ಲಿ ಗೋವಿಂದ ಪಾನಸರೆ. ಅದೇ ವರ್ಷ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿ. ನಮ್ಮೂರಿಂದ ಉತ್ತರಕ್ಕೆ ಓದಲು ಹೋದರೆ ಕೊಲ್ಹಾಪುರ, ದಕ್ಷಿಣಕ್ಕೆ ಹೋದರೆ ಧಾರವಾಡ. ದಾಭೋಳಕರರು ವರ್ಷಗಟ್ಟಲೆ ಒತ್ತಾಯಿಸಿದ ಕಾಯ್ದೆ ಅವರ ಸಾವಿನ ಬೆನ್ನಿಗೆ ಸುಗ್ರೀವಾಜ್ಞೆಯಾಗಿ ಬಂದು, 2013ರ ಡಿಸೆಂಬರಿನಲ್ಲಿ ವಿಧಾನಮಂಡಲದಲ್ಲಿ ಪಾಸಾಯಿತು. ಕರ್ನಾಟಕದ ಕಾಯ್ದೆ 2017ರದು.

ಮಹಾರಾಷ್ಟ್ರದ ಆ ಕಾಯ್ದೆಯ ಅನುಸೂಚಿಯನ್ನು ಸಾಹಿತ್ಯದ ವಿದ್ಯಾರ್ಥಿಗಳು ಒಮ್ಮೆ ಓದಬೇಕು. ಅದರ ಮೊದಲ ಕಲಮು ದೆವ್ವ ಬಿಡಿಸುವ ನೆಪದಲ್ಲಿ ಹಗ್ಗ ಸರಪಳಿಯಿಂದ ಕಟ್ಟುವುದು, ಕೋಲು ಚಾಟಿಯಿಂದ ಹೊಡೆಯುವುದು, ಚಪ್ಪಲಿ ನೆನೆಸಿದ ನೀರು ಕುಡಿಸುವುದು, ಮೆಣಸಿನಕಾಯಿ ಹೊಗೆ ಹಾಕುವುದು ಇವನ್ನೆಲ್ಲ ಒಂದೊಂದಾಗಿ ಹೆಸರಿಸುತ್ತದೆ. ನಾನು ಓದಿದ ಯಾವ ಭಯಾನಕ ಕಾದಂಬರಿಗಿಂತಲೂ ಅದು ಭಯಾನಕ. ‘ಯಾರು ನೀ, ಏನು ಬೇಕು’ ಎಂಬ ಪ್ರಶ್ನೆಯನ್ನು ನಿಜಜೀವನದಲ್ಲಿ ಕೇಳುವುದು ಈ ಹೊಗೆಯ ನಡುವೆಯೇ. ಐ. ಎಂ. ಲೂಯಿಸ್ 1971ರ ತನ್ನ ಮಾನವಶಾಸ್ತ್ರದ ಗ್ರಂಥದಲ್ಲಿ, ಮೈಮೇಲೆ ಬರುವುದು ಮಾತಿಲ್ಲದ ಹೆಂಗಸರು ಪ್ರತಿಭಟಿಸುವ ಓರೆದಾರಿ ಎಂದು ವಾದಿಸಿದ. ಈ ವಾದ ನಮ್ಮಲ್ಲಿ ಬಹಳ ಜನಪ್ರಿಯ, ನನಗೂ ಸ್ವಲ್ಪ ದೂರದ ತನಕ ಒಪ್ಪಿಗೆ. ಆದರೆ ಅಲ್ಲಿ ಬರುವ ಉತ್ತರ ದೆವ್ವದ ಹೆಸರಿಗೆ ಜಮೆಯಾಗುತ್ತದೆ, ಅವಳ ಹೆಸರಿಗಲ್ಲ. ಹೊಸ ಸೀರೆ ಬೇಕು, ತವರಿಗೆ ಹೋಗಬೇಕು, ಅತ್ತೆಯ ಕಾಟ ತಾಳೆನು ಎಂದು ದೆವ್ವ ಹೇಳಿದರೆ ನಡೆಯುತ್ತದೆ, ಮರುದಿನ ಅವಳೇ ಹೇಳಿದರೆ ನಡೆಯುವುದಿಲ್ಲ. ಶಿರೋಳದ ಹೆಂಗಸು ನನಗೆ ಮುಖ್ಯಳಾಗುವುದು ಇಲ್ಲಿ. ಅವಳು ತನ್ನ ಬಾಯಿಂದಲೇ, ಪೂರ್ತಿ ಎಚ್ಚರದಲ್ಲಿ, ಪಿಶಾಚಿಯ ಹಕ್ಕಿನ ಭಾಷೆ ಆಡುತ್ತಾಳೆ.

ಸಾಹಿತ್ಯ ಏನು ಮಾಡಬಲ್ಲದು ಅಂದರೆ, ಈ ಪ್ರಶ್ನೆಯನ್ನು ಹೊಡೆಯದೆ ಕೇಳಬಲ್ಲದು. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ನೆನಪಿಸಿಕೊಳ್ಳಿರಿ. ಕಾರಂತರಂಥ ಸಂದೇಹವಾದಿ ಒಂದು ವಸ್ತುವನ್ನು ಮುಟ್ಟಿದರೆ ಅದರ ಹಿಂದಿನದೆಲ್ಲ ಕಾಣುವ ಶಕ್ತಿಯನ್ನು ಅಜ್ಜಿಗೆ ಕೊಟ್ಟರು, ಮತ್ತು ಆ ಶಕ್ತಿಯನ್ನು ಬಳಸಿ ದೇವರುಗಳ ಇತಿಹಾಸವನ್ನೇ ಕೆದಕಿಸಿದರು. ಅವರಿಗೆ ಆ ಶಕ್ತಿ ನಿಜವೋ ಎಂದು ಸಾಧಿಸುವ ಗರಜು ಇರಲಿಲ್ಲ.

ದೆವ್ವವೇ ಇಲ್ಲದ ಕಥೆಗೂ ಈ ಪ್ರಶ್ನೆ ಹಿಡಿಸುತ್ತದೆಯೇ? ಜಿ. ಎ. ಕುಲಕರ್ಣಿ ಧಾರವಾಡದಲ್ಲಿ ಇಂಗ್ಲಿಷ್ ಕಲಿಸುತ್ತ, ಕನ್ನಡದ ಊರಲ್ಲಿ ಕೂತು ಮರಾಠಿಯಲ್ಲಿ ಬರೆದವರು. ಅವರ ‘ಸ್ವಾಮಿ’ ಕಥೆ ಕೆಲವರಿಗಾದರೂ ಗೊತ್ತಿರಬೇಕು. ದಾರಿಹೋಕನೊಬ್ಬ ಒಂದು ಮಠದ ಊರಿಗೆ ಬರುತ್ತಾನೆ. ಸತ್ಕಾರವಾಗುತ್ತದೆ. ಆಮೇಲೆ ನೆಲದೊಳಗಿನ ಕೋಣೆಯಲ್ಲಿ ಅವನನ್ನು ‘ಸ್ವಾಮಿ’ಯಾಗಿ ಕೂಡಿಹಾಕುತ್ತಾರೆ. ಊಟವಿದೆ, ಉಡುಗೆಯಿದೆ, ಭಕ್ತಿಯಿದೆ, ಹೊರಬರುವ ದಾರಿ ಇಲ್ಲ. ರಾಣಿಯನ್ನು ದೇವಿ ಮಾಡಿದ ಊರಿಗೂ ಈ ಊರಿಗೂ ಹೆಚ್ಚು ಅಂತರ ಕಾಣುವುದಿಲ್ಲ. ಅವನು ಯಾರು, ಅವನಿಗೆ ಏನು ಬೇಕು ಎಂಬ ಎರಡೂ ಪ್ರಶ್ನೆಗಳು ಆ ಮಠದಲ್ಲಿ ಎತ್ತಲಾಗದವು, ಯಾಕೆಂದರೆ ಅವರಿಗೆ ಬೇಕಾಗಿದ್ದುದು ಒಬ್ಬ ಸ್ವಾಮಿ. ನನ್ನ ಮಟ್ಟಿಗೆ ಈ ಸೀಮೆಯಿಂದ ಬಂದ ಅತ್ಯಂತ ಭಯಾನಕ ಕಥೆ ಇದೇ.

ಜನಪ್ರಿಯ ಸಾಹಿತ್ಯವನ್ನು ಎರಡೇ ಮಾತಿನಲ್ಲಿ ಮುಗಿಸ್ತೀನಿ, ಸಮಯ ಆಗ್ತಾ ಬಂತು. ನಾರಾಯಣ ಧಾರಪರ ಕಾದಂಬರಿಗಳನ್ನು ನಾನು ಪ್ರೀತಿಯಿಂದ ಓದ್ತೀನಿ, ಆದರೆ ಅವರ ಕೆಡುಕಿಗೆ ಹೆಚ್ಚಾಗಿ ವಿಳಾಸ ಇರುವುದಿಲ್ಲ. ಎಲ್ಲೋ ಆಚೆಯಿಂದ ಬರುತ್ತದೆ, ‘ಸಮರ್ಥ’ನಂಥ ಬಲ್ಲವನು ಓಡಿಸುತ್ತಾನೆ. ಅಲ್ಲಿ ವಿಚಾರಣೆಗೆ ಅವಕಾಶ ಕಡಿಮೆ. ಯಂಡಮೂರಿಯವರ ‘ತುಳಸಿದಳ’ ತೆಲುಗಿನಿಂದ ಕನ್ನಡಕ್ಕೆ ಬಂತು, 1985ರಲ್ಲಿ ಕನ್ನಡ ಚಿತ್ರವೂ ಆಯಿತು. ಅದು ವೈದ್ಯರ ವಿವರಣೆಯನ್ನೂ ಮಾಟದ ವಿವರಣೆಯನ್ನೂ ಜೊತೆಜೊತೆಗೆ ಓಡಿಸುತ್ತದೆ. ತಮಾಷೆ ಅಂದ್ರ, ನಾವು ಪಠ್ಯಕ್ಕೆ ಸೇರಿಸದ ಈ ಕಾದಂಬರಿಯೇ ತೊದೊರೊವನ ವ್ಯಾಖ್ಯೆಗೆ ಎಲ್ಲಕ್ಕಿಂತ ಹತ್ತಿರ ಬರ್ತೈತಿ.

ಪ್ರಶ್ನೋತ್ತರದಿಂದ:

ಒಬ್ಬ ವಿದ್ಯಾರ್ಥಿನಿ: ‘ಸರ್, ದೆವ್ವಕ್ಕೂ ಹಕ್ಕು ಐತಿ, ಅದರ ಮಾತು ಕೇಳ್ರಿ ಅಂದ್ರ, ದಾಭೋಳಕರರು ಯಾವುದರ ವಿರುದ್ಧ ಹೋರಾಡಿದರೋ ಅದಕ್ಕೇ ಮರ್ಯಾದೆ ಕೊಟ್ಟಂಗ ಆಗೂದಿಲ್ಲೇನ್ರಿ?’

ಈ ಪ್ರಶ್ನೆ ಬರಬೇಕಾಗಿತ್ತು. ನಾನು ಹೇಳಿದ್ದು ಕಥೆಯೊಳಗಿನ ದೆವ್ವಕ್ಕೆ ಕೇಳ್ರಿ ಅಂತ. ಹೊರಗ ಒಬ್ಬ ಹೆಂಗಸು ಕಿರಚಾಡಾಕತ್ತಿದ್ರ ಅವಳನ್ನ ದವಾಖಾನೆಗೆ ಕರಕೊಂಡು ಹೋಗಬೇಕು, ಯಾರರೆ ಹೊಡಿಯಾಕತ್ತಿದ್ರ ಪೊಲೀಸರಿಗೆ ಹೇಳಬೇಕು. ಅದರಾಗ ಎರಡು ಮಾತಿಲ್ಲ. ಆದರ ದೆವ್ವ ಇಲ್ಲ ಅಂತ ಸಾಬೀತು ಮಾಡಿದ ಮ್ಯಾಲೂ ಅವಳ ಬಾಕಿ ಹಂಗೇ ಉಳದಿರ್ತೈತಿ. ಐದು ಮಕ್ಕಳು ಯಾಕ ಸತ್ತವು, ಆ ಮನ್ಯಾಗ ಉಣ್ಣಾಕ ಏನಿತ್ತು, ಸಾಲ ಕೊಟ್ಟವ ಯಾಕ ಜೀವ ಕಳಕೊಂಡ. ಕಾಯ್ದೆಗೆ ಇದನ್ನ ಕೇಳೂ ಕೆಲಸ ಇಲ್ಲ. ಕಥೆ ಓದವರಿಗೆ ಐತಿ.

ಒಬ್ಬ ಹಿರಿಯ ಪ್ರಾಧ್ಯಾಪಕರು: ‘ಸಮಂಧ ಎಂಬುದಕ್ಕೆ ಕನ್ನಡದಲ್ಲಿ ಬ್ರಹ್ಮರಾಕ್ಷಸ ಅಂದರೆ ಸಾಲದೇ? ನೀವು ಅನುವಾದಿಸದೆ ಬಿಟ್ಟಿದ್ದೀರಿ.’

ಬೇಕಂತಲೇ ಬಿಟ್ಟೆ, ಸರ್. ಬ್ರಹ್ಮರಾಕ್ಷಸ ಅಂದಕೂಡಲೇ ನಮ್ಮಲ್ಲಿ ವಿದ್ಯೆಯನ್ನು ಮುಚ್ಚಿಟ್ಟುಕೊಂಡ ಪಂಡಿತ ಕಣ್ಣಿಗೆ ಬರುತ್ತಾನೆ. ಅವನ ಬಾಕಿ ವಿದ್ಯೆಯದು. ಶಿರೋಳದವನ ಬಾಕಿ ನೂರು ನಾಣ್ಯ. ಎರಡನ್ನೂ ಒಂದೇ ಹೆಸರಿನಲ್ಲಿ ಹಾಕಿದರೆ ಖಾತೆ ಕಲಸಿಹೋಗುತ್ತದೆ. ‘ಸಮಂಧ’ದ ಬೇರು ‘ಸಂಬಂಧ’ವೇ ಅಂತ ಹೇಳುವುದುಂಟು, ಹಾಗಾದರೆ ಸಂಬಂಧ ಅಂತಲೇ ಬರೆಯೋಣ ಎಂದೂ ಯೋಚಿಸಿದೆ. ಆದರೆ ನಮ್ಮ ಕಡೆ ಸಂಬಂಧ ಅಂದ್ರ ಹೆಣ್ಣು-ಗಂಡು ನೋಡೂದು, ಸರ್. ಓದವರು ದೆವ್ವ ಬಿಟ್ಟು ಮದುವಿ ಯಾರದು ಅಂತ ಕೇಳ್ತಾರ.